ಹಿಟ್ಟೂ ಮಲ್ಲಿಗೆಯೂ

ಹೊಟ್ಟೆಗೆ ಹಿಟ್ಟಿಲ್ಲದವರು ಜುಟ್ಟಿಗೆ ಮಲ್ಲಿಗೆಯನ್ನು ಬಯಸಿದರೆ ನಮ್ಮ ಜನರು ನಗುವುದುಂಟು. ಈ ಗಾದೆಯನ್ನು ನಾವೂ ಎಷ್ಟೋ ವರ್ಷ ಮಕ್ಕಳಿಗೆ ಬೋಧಿಸಿದೆವು. ಆದರೆ ಜಪಾನುದೇಶದ ಹಳೆಯದೊಂದು ವಾಕ್ಚಿತ್ರವನ್ನು ನೋಡಿದ ಮೇಲೆ, ಅದಕ್ಕೆ ಇನ್ನೊಂದು ಮುಖವೂ ಇರಬಹುದೆಂದು ತೋರಿತು.

ಚಿತ್ರದ ಹೆಸರು ‘ಗಿಂಜಾ ಕಾನ್‌ಕಾನ್ ಮುಸುಮೆ’. 1949ರಲ್ಲಿ ಹೊರಬಂದ ಇದರ ನಿರ್ದೇಶಕನು ಕೋಜಿ ಷಿಮಾ. ಗಿಂಜಾ ಎಂಬುದು ಟೋಕಿಯೋ ನಗರದ ಹೆಸರುವಾಸಿಯಾದ ಅಂಗಡಿಬೀದಿ. ಹಿಂದೆ ಅಲ್ಲಿ ಬೆಳ್ಳಿಯ ಟಂಕಸಾಲೆಯಿದ್ದುದರಿಂದ ಆ ಹೆಸರು ಬಂದಿತು. ಮುಸುಮೆಯೆಂದರೆ ಹುಡುಗಿ.

ಆ ಕಾಲವನ್ನು ವಾಚಕರು ಮನಸ್ಸಿಗೆ ತಂದುಕೊಳ್ಳಬೇಕು. 1945ರ ಮಾರ್ಚಿ ತಿಂಗಳಲ್ಲಿ ಒಂದೇ ರಾತ್ರಿಯ ಬಾಂಬುಗಳ ಮಳೆಗೆ ಆ ನಗರದಲ್ಲಿ ಸುಮಾರು ಒಂದು ಲಕ್ಷ ಜನರು ಮಡಿದಿದ್ದರು. ಯುದ್ಧವು ಮುಗಿದ ಮೇಲೂ ಅಕ್ಕಿಗೆ ಬರ. 1952ರವರೆಗೆ ದೇಶವು ಪರಕೀಯ ಸೈನ್ಯದ ಹತೋಟಿಯಲ್ಲಿತ್ತು.

ಇಂತಹ ದಿನಗಳಲ್ಲಿ ಇಬ್ಬರು ಗೆಳತಿಯರು ವೃದ್ಧ ಕಥೆಗಾರನೊಬ್ಬನ ಮನೆಯಲ್ಲಿ ಆಶ್ರಯ ಪಡೆದಿರುವರು. ಓಹಾರುವಿಗೆ ಗಾಯಕಿಯಾಗಬೇಕೆಂಬ ಹಂಬಲ, ಪಿಯಾನೋ ಕೊಳ್ಳಲು ಹಣವಿಲ್ಲ. ಓಆಕಿಗೆ ಚಿತ್ರ ಬರೆಯುವ ಆಸೆ, ಬಣ್ಣಕ್ಕೆ ಗತಿಯಿಲ್ಲ. ಒಂದು ದಿನ ವಾಕ್ಚಿತ್ರ ತೆಗೆಯುವವರು ಎದುರಾಗುವರು. ಅಲ್ಲಿಯ ನಟಿಯು ಕೊಳದಲ್ಲಿ ಬೀಳಲೊಲ್ಲಳು. ಅವಳಿಗೆ ಬದಲಾಗಿ ಗೆಳತಿಯರಲ್ಲಿ ಒಬ್ಬಳು ನೀರಿಗೆ ಬಿದ್ದು ಹಣ ಗಳಿಸುವಳು! ಬಳಿಕ ಇಬ್ಬರೂ ಗಿಂಜಾದ ಮದ್ಯಗೃಹಗಳಲ್ಲಿ ಹಾಡತೊಡಗುವರು.

ಹೆಣ್ಣುಮಕ್ಕಳು ಇಂತಹ ಸ್ಥಳದಲ್ಲಿ ಹಾಡುವುದೇ ಎಂದು ಹಳಬರಾದ ನಾವು ಮೊದಲು ಹುಬ್ಬು ಗಂಟಿಕ್ಕಿದೆವು. ಆದರೆ ಅವರು ಯಾರ ಮುಂದೆಯೂ ಕೈ ಚಾಚಲಿಲ್ಲ. ಕಂಠವನ್ನೇ ಬಂಡವಾಳ ಮಾಡಿಕೊಂಡು ದುಡಿದರು. ಕಥೆಯಲ್ಲಿ ಅದೃಷ್ಟವು ತುಸು ಬೇಗನೆ ಒಲಿಯುವುದು ನಿಜ. ಆದರೂ ಆ ನಗು ಹುಸಿನಗೆಯಲ್ಲ.

ಏಕೆಂದರೆ ಓಹಾರುವಿನ ಪಾತ್ರ ವಹಿಸಿದ ಷಿಜುಕೋ ಕಾಸಾಗಿಯ ಬಾಳನ್ನು ನೋಡಿರಿ. ಅವಳು ವರಿಸಬೇಕೆಂದಿದ್ದ ಯುವಕನು 1947ರ ಮೇ ತಿಂಗಳಲ್ಲಿ ಕ್ಷಯರೋಗದಿಂದ ತೀರಿಕೊಂಡನು. ಕೆಲವೇ ದಿನಗಳಲ್ಲಿ ಅವಳಿಗೆ ಹೆಣ್ಣುಮಗು ಜನಿಸಿತು. ಆ ಎಳೆಗೂಸನ್ನು ಸಾಕುವ ಹೊಣೆ ಹೊತ್ತೇ ಅವಳು ರಂಗಕ್ಕೆ ಮರಳಿದಳು. ಸಂಗೀತಗಾರ ರ್ಯೋಇಚಿ ಹಟ್ಟೋರಿಯು ಅವಳಿಗಾಗಿ ರಚಿಸಿದ ‘ಟೋಕಿಯೋ ಬೂಗೀ ವೂಗೀ’ ಎಂಬ ಉಲ್ಲಾಸದ ಹಾಡು 1948ರಲ್ಲಿ ದೇಶವನ್ನೆಲ್ಲ ಕುಣಿಸಿತು. ಈ ಚಿತ್ರದ ಹಾಡಿನ ಸಂಗೀತವೂ ಅವನದೇ. ಅದನ್ನು ಧ್ವನಿಮುದ್ರಿಕೆಗೆ ಹಾಡಿದವಳು ಓಆಕಿಯ ಪಾತ್ರಧಾರಿಣಿ ಹಿಡೆಕೋ ಟಕಾಮಿನೆ.

ಇನ್ನು ಆ ಮನೆಯ ಯಜಮಾನನ ಪಾತ್ರ. ಕುಳಿತಲ್ಲಿಂದಲೇ ಹಲವರ ದನಿಯಲ್ಲಿ ನಗೆಗಥೆ ಹೇಳುವ ‘ರಾಕುಗೋ’ ವಿದ್ಯೆಯಲ್ಲಿ ಪ್ರಸಿದ್ಧನಾದ ಐದನೆಯ ಷಿನ್‌ಷೋ ಅದನ್ನು ವಹಿಸಿದನು. 1941ರಲ್ಲಿ, ಯುದ್ಧಕಾಲಕ್ಕೆ ಸಲ್ಲವೆಂದು 53 ಕಥೆಗಳನ್ನು ಕಥೆಗಾರರು ಕೈಬಿಟ್ಟು, ಟೋಕಿಯೋವಿನ ದೇವಾಲಯವೊಂದರಲ್ಲಿ ಅವುಗಳ ಹೆಸರಿನಲ್ಲಿ ಸಮಾಧಿಶಿಲೆಯನ್ನೇ ನಿಲ್ಲಿಸಿದ್ದರು! 1946ರಲ್ಲಿ ಅವುಗಳಿಗೆ ಮರುಜೀವ ಬಂದಿತು. ಷಿನ್‌ಷೋ ತಾನೂ ಯುದ್ಧಾಂತ್ಯದಲ್ಲಿ ಮಂಚೂರಿಯಾದಲ್ಲಿ ಸಿಕ್ಕಿಬಿದ್ದು, 1947ರಲ್ಲಿ ತಾಯ್ನಾಡಿಗೆ ಹಿಂದಿರುಗಿದವನು. ಚಿತ್ರದ ಕೊನೆಯಲ್ಲಿ ಅವನು ಕುಳಿತು ಕಥೆ ಹೇಳುವುದನ್ನು ನೋಡುವಾಗ, ಹೂತ ನಗುವು ಮತ್ತೆ ಚಿಗುರಿದಂತೆ ನಮಗಾಯಿತು.

ನೊಂದವರಿಗೆ ವಿಶ್ರಾಂತಿಯಾಗುವುದನ್ನೂ ನಾಟ್ಯದ ಪ್ರಯೋಜನಗಳಲ್ಲಿ ಭರತಮುನಿಯು ಎಣಿಸಿರುವನಷ್ಟೆ. ಆ ಮಾತನ್ನು ನಾವು ಪಾಠ ಹೇಳಿದ್ದೆವು. ಅದರ ಅರ್ಥ ಈಗ ಕಂಡಿತು. ಮನೆಯಲ್ಲಿ ಹಾಡುವ ಮಗುವಿದ್ದರೆ, ಗಾದೆಯನ್ನು ಹೇಳುವ ಮುನ್ನ ಒಂದು ಕ್ಷಣ ಕೇಳಿರಿ. ಕೆಲವರ ಪಾಲಿಗೆ ಹಿಟ್ಟನ್ನು ತಂದುಕೊಡುವುದೂ ಆ ಮಲ್ಲಿಗೆಯೇ.