ಹತ್ತು ಚದರದ ಮನೆಗೆ ಎಷ್ಟು ಚದರದ ಮಾಡು?

ಸಾಗರದ ಕಡೆಯ ಓದುಗರೊಬ್ಬರು ಬರೆದಿದ್ದಾರೆ: ‘ಅಜ್ಜನ ಕಾಲದ ಹಂಚಿನ ಮನೆ. ಮಾಡು ಸೋರುತ್ತಿದೆ, ಪೂರ್ತಿ ಬದಲಿಸೋಣ ಎಂದು ಇಬ್ಬರು ಮೇಸ್ತ್ರಿಗಳನ್ನು ಕರೆಸಿದೆ. ಒಬ್ಬರು ಹೇಳಿದ ಮೊತ್ತ ಇನ್ನೊಬ್ಬರದಕ್ಕಿಂತ ಹೆಚ್ಚುಕಡಿಮೆ ದುಪ್ಪಟ್ಟು. ಮನೆ ಇರುವುದೇ ಹತ್ತು ಚದರ. ಯಾರ ಮಾತು ನಂಬಲಿ?’

ಇಬ್ಬರೂ ಪ್ರಾಮಾಣಿಕರೇ ಇರಬಹುದು. ಗೊಂದಲ ಶುರುವಾಗುವುದು ಆ ‘ಹತ್ತು ಚದರ’ದಿಂದ. ಅದು ನೆಲದ ಲೆಕ್ಕ, ಮಾಡಿನದಲ್ಲ. ಒಂದು ಚದರ ಎಂದರೆ ನೂರು ಚದರಡಿ; ಗೋಡೆಯ ಅಳತೆ 40 ಅಡಿಗೆ 25 ಅಡಿ ಅಂದುಕೊಳ್ಳಿ. ಮಲೆನಾಡಿನ ಮಳೆಗೆ ಗೋಡೆ ನೆನೆಯದಿರಲು ಸುತ್ತಲೂ ಮೂರಡಿ ಸೂರು ಚಾಚಲೇಬೇಕು. ಅಲ್ಲಿಗೆ 46 ಅಡಿಗೆ 31 ಅಡಿ, ಅಂದರೆ 1,426 ಚದರಡಿ. ಇಳಿಜಾರು ಇನ್ನೂ ಬಾಕಿ ಇದೆ. 30 ಡಿಗ್ರಿ ಓಟವಿದ್ದರೆ ವಿಸ್ತೀರ್ಣ ಶೇಕಡಾ 15ರಷ್ಟು ಹಿಗ್ಗಿ ಸುಮಾರು 1,650 ಚದರಡಿಯಾಗುತ್ತದೆ. 45 ಡಿಗ್ರಿ ಇದ್ದರೆ 2,000 ದಾಟುತ್ತದೆ. ಹತ್ತು ಚದರದ ಮನೆಯ ಮೇಲೆ ಹದಿನಾರೂವರೆಯಿಂದ ಇಪ್ಪತ್ತು ಚದರದ ಮಾಡು! ಒಬ್ಬ ಮೇಸ್ತ್ರಿ ನೆಲ ಅಳೆದು, ಇನ್ನೊಬ್ಬರು ಏಣಿ ಹತ್ತಿ ಪಕಾಸಿನ ಉದ್ದ ಅಳೆದರೆ ಮೊತ್ತ ದೂರ ದೂರವಾಗದೆ ಇನ್ನೇನು?

ಹಾಗಾದರೆ ಓಟ ಕಡಿಮೆ ಮಾಡಿ ದುಡ್ಡು ಉಳಿಸಬಹುದಲ್ಲ ಎಂದು ಕೇಳುವವರಿದ್ದಾರೆ. ಆಗದು. ಯಾಕೆ ಎಂದು ತಿಳಿಯಲು ಒಂದು ಹಂಚನ್ನು ಕೈಗೆತ್ತಿಕೊಳ್ಳಬೇಕು. ನನಗೆ ಇದು ನಮ್ಮ ನೆಲದ ಅತ್ಯಂತ ಜಾಣ ಯಂತ್ರಗಳಲ್ಲೊಂದು. ಚಲಿಸುವ ಭಾಗ ಒಂದೂ ಇಲ್ಲದ ಯಂತ್ರ. ಒಂದಕ್ಕೊಂದು ಕಚ್ಚಿಕೊಳ್ಳುವ ಹಂಚಿನ ಕಲ್ಪನೆ ಹುಟ್ಟಿದ್ದು ಫ್ರಾನ್ಸಿನ ಅಲ್ಸೇಸ್ ಸೀಮೆಯಲ್ಲಿ. ಜಿಲಾರ್ಡೋನಿ ಸಹೋದರರು 1841ರಲ್ಲಿ ಅದಕ್ಕೆ ಪೇಟೆಂಟ್ ಪಡೆದರು. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ, ನೇತ್ರಾವತಿಯ ದಡದ ಜೇಡಿಮಣ್ಣು ನಂಬಿ ಕಾರ್ಖಾನೆ ತೆರೆದರು. ಮುಂದಿನದು ಕರಾವಳಿಯ ಚರಿತ್ರೆ.

ಹಂಚಿನ ಒಂದು ಅಂಚಿನಲ್ಲಿ ಉದ್ದಕ್ಕೂ ತೋಡಿನಂಥ ಗಾಡಿ ಇದೆ, ಎದುರು ಅಂಚಿನಲ್ಲಿ ಕೆಳಮುಖವಾದ ಏಣು. ಪಕ್ಕದ ಹಂಚಿನ ಏಣು ಈ ಗಾಡಿಯೊಳಗೆ ಸಡಿಲವಾಗಿ ಕೂರುತ್ತದೆ. ಆ ಸಡಿಲದಲ್ಲೇ ಗುಟ್ಟಿದೆ. ಸಂದು ತೀರಾ ಕಿರಿದಾಗಿದ್ದರೆ ನೀರು ಅದರಲ್ಲಿ ತಾನಾಗಿ ಏರಿ ಒಳಗೆ ಹಬ್ಬುತ್ತಿತ್ತು. ಸಂದು ಅಗಲವಿರುವುದರಿಂದ ನುಗ್ಗಿದ ಹನಿ ಗಾಡಿಗೆ ಬಿದ್ದು, ಕೆಳಗಿನ ಸಾಲಿನ ಹಂಚಿನ ಬೆನ್ನ ಮೇಲೆ ಹರಿದು ಹೊರಟುಹೋಗುತ್ತದೆ. ಹಂಚು ನೀರನ್ನು ತಡೆಯುವುದಿಲ್ಲ, ಒಳಗೆ ಬಿಟ್ಟುಕೊಂಡು ಹೊರಗೆ ಕಳಿಸುತ್ತದೆ! ಮೊಳೆ ಬೇಡ, ಸಿಮೆಂಟು ಬೇಡ. ಅಡಿಯಲ್ಲಿರುವ ಹಲ್ಲು ರೀಪಿಗೆ ಸಿಕ್ಕಿಕೊಂಡರೆ ಸಾಕು. ಆದರೆ ಈ ಕೆಲಸವೆಲ್ಲ ನಡೆಯುವುದು ಓಟದ ಬಲದಿಂದ. ಮಾಡು ಚಪ್ಪಟೆಯಾದಷ್ಟೂ ಗಾಡಿಯ ನೀರು ನಿಧಾನಿಸುತ್ತದೆ, ಬೀಸುಗಾಳಿ ಅದನ್ನು ಹಿಂದಕ್ಕೆ ತಳ್ಳಿ ರೀಪಿನ ಮೇಲೆ ಚೆಲ್ಲುತ್ತದೆ.

ಖರ್ಚಿನ ಇನ್ನೊಂದು ಸೂಕ್ಷ್ಮವೂ ಈ ಗಾಡಿಯಲ್ಲೇ ಅಡಗಿದೆ. ಎಲ್ಲ ಕಾರ್ಖಾನೆಯ ಅಚ್ಚೂ ಒಂದೇ ಅಲ್ಲ. ಉದ್ದ ಅಗಲಗಳಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಬೇರೆ ಕಾರ್ಖಾನೆಯ ಹಂಚು ಹಳೆಯದರ ಜೊತೆ ಕಚ್ಚಿಕೊಳ್ಳುವುದಿಲ್ಲ. ‘ಒಡೆದ ನೂರು ಹಂಚಿಗೆ ಹೊಸ ನೂರು’ ಎಂಬ ಸರಳ ಲೆಕ್ಕ ಕೈಕೊಡುವುದು ಇಲ್ಲೇ. ಅನುಭವಸ್ಥ ಮೇಸ್ತ್ರಿ ಮೊದಲು ಹಂಚನ್ನು ಮಗುಚಿ ಮುದ್ರೆ ಓದುತ್ತಾನೆ. ಅದೇ ಮುದ್ರೆಯದು ಸಿಗದಿದ್ದರೆ, ಚೆನ್ನಾಗಿರುವ ಹಳೆಯ ಹಂಚನ್ನೆಲ್ಲ ಒಂದು ಮಗ್ಗುಲಿಗೆ ಸೇರಿಸಿ, ಹೊಸದನ್ನು ಇನ್ನೊಂದು ಮಗ್ಗುಲಿಗೆ ಹೊದಿಸುತ್ತಾನೆ. ಇಳಿಸುವುದು, ಪಾಚಿ ಉಜ್ಜುವುದು, ಆರಿಸುವುದು, ಮತ್ತೆ ಏರಿಸುವುದು ಎಲ್ಲವೂ ಕೈಕೆಲಸ. ಕೂಲಿಯೇ ದೊಡ್ಡ ಬಾಬ್ತಾಗುವುದು ಹೀಗೆ.

‘ಹಂಚು ಹಳತಾಯಿತು, ಎಸೆಯಿರಿ’ ಎನ್ನುವವರ ಮೇಲೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ. ಸುಟ್ಟ ಮಣ್ಣು ಹಳತಾಗುವುದಿಲ್ಲ, ಒಡೆಯುತ್ತದೆ ಅಷ್ಟೆ. ಬೆರಳ ಗೆಣ್ಣಿನಿಂದ ತಟ್ಟಿ: ಟಣ್ ಎಂದರೆ ಗಟ್ಟಿ, ದಬ್ ಎಂದರೆ ಬಿರುಕು. ಇನ್ನೂ ಅನುಮಾನವಿದ್ದರೆ ಒಣ ಹಂಚನ್ನು ತೂಗಿ, 24 ಗಂಟೆ ನೀರಿನಲ್ಲಿ ಮುಳುಗಿಸಿ, ಮತ್ತೆ ತೂಗಿ. ಕುಡಿದ ನೀರು ಹಂಚಿನ ತೂಕದ ಐದನೇ ಒಂದು ಪಾಲಿಗಿಂತ ಕಡಿಮೆ ಇದ್ದರೆ ನಿಮ್ಮ ಅಜ್ಜ ತಂದ ಹಂಚು ಮೊಮ್ಮಕ್ಕಳಿಗೂ ಆದೀತು. ಹಾಳಾಗುವುದು ಅದರ ಕೆಳಗಿನ ಮರ. ಒರಲೆ ಹಿಡಿದ ರೀಪು, ಗೋಡೆಗೆ ಕೂರುವ ಕಡೆ ಕುಂಬಾದ ಪಕಾಸು. ಮರಕ್ಕೆ ಕೈಹಾಕಿದ ಕೂಡಲೇ ಖರ್ಚು ಜಿಗಿಯುತ್ತದೆ, ಏಕೆಂದರೆ ಹಂಚು ಹಗುರವಲ್ಲ. ರೀಪು ಸೇರಿ ಚದರ ಮೀಟರಿಗೆ ಸುಮಾರು 65 ಕಿಲೋ. ನಮ್ಮ 1,650 ಚದರಡಿಯ ಮಾಡು ಹತ್ತು ಟನ್ ತೂಗುತ್ತದೆ.

ಈ ಭಾರ ನೋಡಿ ಹೆದರಿದವರು ತಗಡಿನ ಶೀಟಿಗೆ ಮನಸೋಲುತ್ತಾರೆ. ಅರ್ಧ ಮಿಲಿಮೀಟರ್ ದಪ್ಪದ ಉಕ್ಕಿನ ಶೀಟು ಚದರ ಮೀಟರಿಗೆ ನಾಲ್ಕೈದು ಕಿಲೋ ಅಷ್ಟೆ. ಮರವೂ ಕಡಿಮೆ, ಕೆಲಸವೂ ಬೇಗ. ಆದರೆ ಗಾಳಿಯನ್ನು ಮರೆಯಬಾರದು. ಮಂಗಳೂರಿಗೆ ಭಾರತೀಯ ಮಾನಕ ಗೊತ್ತುಮಾಡಿರುವ ಮೂಲ ಗಾಳಿವೇಗ ಸೆಕೆಂಡಿಗೆ 39 ಮೀಟರ್, ಅಂದರೆ ಗಂಟೆಗೆ ಸುಮಾರು 140 ಕಿಲೋಮೀಟರ್. ಆ ವೇಗದ ಒತ್ತಡ ಚದರ ಮೀಟರಿಗೆ ಸುಮಾರು 90 ಕಿಲೋ ಭಾರಕ್ಕೆ ಸಮ. ಅದರ ಅರ್ಧದಷ್ಟೇ ಮೇಲೆತ್ತಿದರೂ ಐದು ಕಿಲೋದ ಶೀಟು ತನ್ನ ತೂಕದಿಂದ ನಿಲ್ಲಲಾರದು. ಅದನ್ನು ಹಿಡಿದಿಡುವುದು ಬೋಲ್ಟು, ಸ್ಕ್ರೂ, ಗೋಡೆಗೆ ಬಿಗಿದ ಕಬ್ಬಿಣ ಮಾತ್ರ. ಹಂಚು ತನ್ನ ಭಾರದಿಂದ ಕೂರುತ್ತದೆ, ಮೇಲಾಗಿ ಸಡಿಲ ಸಂದುಗಳಲ್ಲಿ ಗಾಳಿ ಆಡಿ ಒಳಗಿನ ಹೊರಗಿನ ಒತ್ತಡದ ಅಂತರವೂ ತಗ್ಗುತ್ತದೆ. ಹಾಗಾಗಿ ಶೀಟಿನ ಅಗ್ಗದ ಮೊತ್ತ ನೋಡಿದಾಗ ಬಿಗಿಯುವ ಸಾಮಾನು ಎಷ್ಟು, ಯಾವ ದಪ್ಪದ್ದು ಎಂದು ಕೇಳಿ. ಸೂರಿನಂಚಿನಲ್ಲಿ, ನೆತ್ತಿಯ ಬಳಿ ಎಳೆತ ಹೆಚ್ಚು. ಅಲ್ಲಿ ಸ್ಕ್ರೂ ಹತ್ತಿರ ಹತ್ತಿರ ಬೇಕು.

ವಾಸ್ತುವಿನ ಹೆಸರಿನಲ್ಲಿ ಮಾಡು ಕೆಡಿಸುವುದಂತೂ ಶುದ್ಧ ದಂಡ. ನೀರು ಈಶಾನ್ಯಕ್ಕೇ ಇಳಿಯಬೇಕು ಎಂದು ಗಟ್ಟಿಮುಟ್ಟಾದ ಎರಡು ಮಗ್ಗುಲಿನ ಮಾಡು ಒಡೆದು ಮೂಲೆಯಲ್ಲೊಂದು ಮಡಿಕೆ ಸೇರಿಸುತ್ತಾರೆ. ಎರಡು ಇಳಿಜಾರು ಒಳಮುಖವಾಗಿ ಕೂಡುವ ಕಡೆಯೆಲ್ಲ ಹಂಚು ಕತ್ತರಿಸಬೇಕು, ತಗಡಿನ ದೋಣಿ ಕೂರಿಸಬೇಕು. ಎರಡೂ ಮಗ್ಗುಲಿನ ನೀರು, ತರಗೆಲೆ ಸೇರಿ ಕಟ್ಟಿಕೊಳ್ಳುವುದೂ ಅಲ್ಲೇ. ಮುಂಗಾರು ಬರುವುದು ನೈರುತ್ಯದಿಂದ. ಮಾಡು ಲೆಕ್ಕ ಕೊಡಬೇಕಾದ್ದು ಆ ಗಾಳಿಗೆ.

ಸಾಗರದ ಓದುಗರಿಗೆ ನನ್ನ ವಿನಂತಿ ಇಷ್ಟು. ಮೇಸ್ತ್ರಿಯನ್ನು ಮತ್ತೆ ಕರೆಸುವ ಮೊದಲು ನಾಲ್ಕೂ ಮಗ್ಗುಲಲ್ಲಿ ಐದಾರು ಹಂಚು ಸರಿಸಿ, ಪಕಾಸು ಗೋಡೆಗೆ ಕೂರುವ ಕಡೆ ಚಾಕುವಿನ ತುದಿ ಚುಚ್ಚಿ ನೋಡಿ. ಹಂಚಿನ ಮುದ್ರೆ ಬರೆದಿಟ್ಟುಕೊಳ್ಳಿ. ನೆತ್ತಿಯಿಂದ ಸೂರಿನವರೆಗಿನ ಓರೆ ಉದ್ದ ಅಳೆಯಿರಿ. ಮರ, ಹಂಚು, ಕೂಲಿ ಮೂರನ್ನೂ ಬೇರೆ ಬೇರೆ ಬರೆದು ಕೊಡಲು ಇಬ್ಬರಿಗೂ ಹೇಳಿ. ಕೆಲಸ ಸಂಕ್ರಾಂತಿ ಕಳೆದ ಮೇಲೆ ಹಿಡಿಯಿರಿ. ಮೇ ತಿಂಗಳಿಗೆ ಕಾದರೆ ಎಲ್ಲರ ಮನೆಯ ಮಾಡಿಗೂ ಅದೇ ನಾಲ್ಕು ಆಳುಗಳು ಬೇಕಾಗುತ್ತಾರೆ.