ಮೊದಲು ಊಟ, ಆಮೇಲೆ ಅತಿಥಿ

ಕ್ಯಾಲಿಫೋರ್ನಿಯಾದ ಮಾಂಟೆರೆ ಕೊಲ್ಲಿಯಲ್ಲಿ ನೀರು ಇಳಿದಾಗ ಬಂಡೆಗಳ ನಡುವಿನ ಹೊಂಡಗಳಿಗೆ ಬಗ್ಗಿ ನೋಡಿದರೆ ಕಣ್ಣಿಗೆ ಬೀಳುವ ಚೆಲುವೆ ಹರ್ಮಿಸೆಂಡಾ. ಚಿಪ್ಪಿಲ್ಲದ ಬಸವನಹುಳುವಿನ ಜಾತಿಯ ಸೀ ಸ್ಲಗ್. ಬಹುಪಾಲು ಕಿರುಬೆರಳಿಗಿಂತ ಚಿಕ್ಕದು. ತಲೆಯ ಮೇಲೆ ಉರಿಯುವ ಕಿತ್ತಳೆ ಪಟ್ಟಿ, ಮೈಯಂಚಿಗೆ ಮಿಂಚುವ ನೀಲಿ ಗೆರೆ, ಬೆನ್ನ ತುಂಬ ತೆನೆಗಟ್ಟಿದಂಥ ಪುಟ್ಟ ಬೆರಳುಗಳು. ಮನೆಯ ಗಾಜಿನ ತೊಟ್ಟಿಯಲ್ಲಿ ಇದೊಂದಿದ್ದರೆ ಎಂಬ ಆಸೆ ಯಾರಿಗೆ ಹುಟ್ಟದು!

ಆಸೆಗೆ ಮೊದಲ ಅಡ್ಡಿ ಶಾಖ. ವಸಂತ, ಬೇಸಿಗೆಗಳಲ್ಲಿ ಬೀಸುವ ಗಾಳಿ ಆ ತೀರದ ಮೇಲ್ನೀರನ್ನು ಆಚೆ ತಳ್ಳುತ್ತದೆ, ಆಳದ ತಣ್ಣೀರು ಮೇಲೇಳುತ್ತದೆ. ಹಾಗಾಗಿ ಬೇಸಿಗೆಯಲ್ಲೂ ಅಲ್ಲಿನ ಕಡಲು 12ರಿಂದ 15 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಇರುತ್ತದೆ. ಮನೆಯೊಳಗೆ ಆ ತಂಪು ಉಳಿಯಬೇಕಾದರೆ ಚಿಲ್ಲರ್ ಹಗಲೂ ರಾತ್ರಿ ಓಡಬೇಕು. ಐಸ್ ತುಂಡು ಹಾಕಿ ಸರಿಮಾಡುತ್ತೇನೆಂದರೆ ಶಾಖ ಏರಿಳಿದು ಜೀವಿಗೇ ಕುತ್ತು. ತೆಳು ಗಾಜು ಹೊರಗಡೆ ಬೆವರುತ್ತದೆ, ದಪ್ಪ ಅಕ್ರಿಲಿಕ್ ತೊಟ್ಟಿ ಮೇಲು. ತಣ್ಣೀರಿನಲ್ಲಿ ಅಮೋನಿಯಾವನ್ನು ಪರಿವರ್ತಿಸುವ ಬ್ಯಾಕ್ಟೀರಿಯಾ ನಿಧಾನವಾಗಿ ಬೆಳೆಯುವುದರಿಂದ ಹೊಸ ತೊಟ್ಟಿ ಹದಕ್ಕೆ ಬರಲು ವಾರಗಟ್ಟಲೆ ಕಾಯಬೇಕು. ಪಂಪಿನ ಬಾಯಿಗೆ ಸ್ಪಂಜು ಕಟ್ಟಲೇಬೇಕು, ಇಲ್ಲದಿದ್ದರೆ ಈ ಮೆದು ಮೈಯನ್ನು ಅದು ಒಳಕ್ಕೆ ಎಳೆದುಕೊಳ್ಳುತ್ತದೆ.

ಇಷ್ಟನ್ನು ಹಣ ಕೊಟ್ಟು ಮಾಡಿಕೊಳ್ಳಬಹುದು. ಊಟ ಮಾತ್ರ ಹಾಗಲ್ಲ.

ಹರ್ಮಿಸೆಂಡಾಗೆ ಪ್ರಿಯವಾದದ್ದು ಹೈಡ್ರಾಯ್ಡ್, ಬಂಡೆಗೆ ಅಂಟಿ ಗಿಡದಂತೆ ಕವಲೊಡೆಯುವ, ಚುಚ್ಚುವ ಪುಟ್ಟ ಪ್ರಾಣಿ. ಇದು ಅದನ್ನು ತಿಂದು, ಅದರ ಚುಚ್ಚುಕೋಶಗಳನ್ನು ಸಿಡಿಯಗೊಡದೆ ಬೆನ್ನ ಬೆರಳುಗಳ ತುದಿಗೆ ಸಾಗಿಸಿ ತನ್ನ ಕಾವಲಿಗೆ ಇಟ್ಟುಕೊಳ್ಳುತ್ತದೆ. ಬಲಿಯಾದದ್ದರ ಆಯುಧವೇ ತನ್ನ ಆಯುಧ! ಊಟ ತಪ್ಪಿದರೆ ಹೊಟ್ಟೆಯಷ್ಟೇ ಅಲ್ಲ, ರಕ್ಷಣೆಯೂ ಬರಿದಾಗುತ್ತದೆ. ಪ್ರಯೋಗಾಲಯಗಳಲ್ಲಿ ಪಚ್ಚಿಲೆ, ಬೊಂಡಾಸ್ ಚೂರುಗಳನ್ನು ಕೊಟ್ಟೂ ಸಾಕುತ್ತಾರೆ. ಆದರೆ ಜೊತೆಗಿರುವ ತನ್ನವರನ್ನೇ ಕಚ್ಚಿ ತಿನ್ನುವ ಸ್ವಭಾವ ಇದಕ್ಕಿದೆ, ಒಂದೊಂದಕ್ಕೂ ಬೇರೆ ಡಬ್ಬಿ ಬೇಕು.

ಇದೇ ತೀರದ ಇನ್ನೊಂದು ಸೀ ಸ್ಲಗ್, ಗುಲಾಬಿ ಬಣ್ಣದ ಹಾಪ್ಕಿನ್ಸ್ ರೋಸ್‌ನ ಪಾಡು ಇನ್ನೂ ಕಷ್ಟ. ಅದರ ಆಹಾರ ಒಂದೇ ಒಂದು ಜಾತಿಯ ಗುಲಾಬಿ ಬ್ರಯೋಜೋವನ್, ಬಂಡೆಗಂಟಿ ಗುಂಪಾಗಿ ಬಾಳುವ ಪುಟ್ಟ ಪ್ರಾಣಿ. ಅದನ್ನು ಬೆಳೆಸಲಾರದವರ ತೊಟ್ಟಿಯಲ್ಲಿ ಆ ಹುಳು ದಿನದಿನಕ್ಕೆ ಕುಗ್ಗಿ ಸಾಯುತ್ತದೆ. ಸೀ ಸ್ಲಗ್‌ಗಳೆಲ್ಲ ಪಾಚಿ ತಿಂದು ತೊಟ್ಟಿ ಶುಚಿಮಾಡುತ್ತವೆ ಎಂದು ಹೇಳಿ ಮಾರುವವರ ಮಾತನ್ನು ಖಂಡಿತ ನಂಬಬೇಡಿ. ಕೆಲವು ಜಾತಿಗಳು ಪಾಚಿ ತಿನ್ನುವುದು ನಿಜ, ಈ ಎರಡರದ್ದೂ ಅಪ್ಪಟ ಮಾಂಸಾಹಾರ.

ಹರ್ಮಿಸೆಂಡಾದಂಥ ಸಣ್ಣ ಜೀವಕ್ಕೆ ನೆನಪೂ ಉಂಟು. ಇದರ ಒಂದೊಂದು ಕಣ್ಣಲ್ಲಿ ಬೆಳಕು ಗ್ರಹಿಸುವ ಕೋಶಗಳು ಐದೇ. ನರವಿಜ್ಞಾನಿ ಡೇನಿಯಲ್ ಆಲ್ಕನ್ ಅವರು ಬೆಳಕು ತೋರಿಸಿ ಅದರ ಜೊತೆಗೇ ಹುಳುವನ್ನು ತಿರುಗಿಸಿದರು. ತಿರುಗಿಸಿದಾಗ ಅದು ಪಾದ ಬಿಗಿದು ನೆಲ ಕಚ್ಚುತ್ತದೆ. ಮತ್ತೆ ಮತ್ತೆ ಹೀಗಾದ ಮೇಲೆ ಬರಿಯ ಬೆಳಕು ಕಂಡರೂ ಪಾದ ಬಿಗಿಯತೊಡಗಿತು. ಸಾಕುವವರು ಇದನ್ನು ಮರೆಯಬಾರದು: ರಭಸದ ನೀರು ಅದಕ್ಕೆ ಬೆದರಿಕೆ, ಹರಿವು ಮೆಲ್ಲಗಿರಲಿ.

ಎಲ್ಲ ಚೆನ್ನಾಗಿದ್ದರೆ ಒಂದು ದಿನ ಗೋಡೆಗೆ ಶಾವಿಗೆ ಸುರುಳಿಯಂಥ ಮೊಟ್ಟೆಯೆಳೆ ಅಂಟಿರುತ್ತದೆ. ಒಡೆದು ಬರುವ ಮರಿಗೆ ಚಿಪ್ಪು ಇರುತ್ತದೆ, ದೊಡ್ಡದಾಗುವಾಗ ಅದನ್ನು ಕಳಚುತ್ತದೆ. ವಾರಗಟ್ಟಲೆ ತೇಲುತ್ತ ಕಣ್ಣಿಗೆ ಕಾಣದ ಪಾಚಿ ತಿನ್ನುವ ಈ ಮರಿಗಳನ್ನು ಪ್ರಯೋಗಾಲಯದಲ್ಲಿ ಬೆಳೆಸಿದವರು ಕಂಡದ್ದೇನೆಂದರೆ, ಹೈಡ್ರಾಯ್ಡ್ ಸಿಕ್ಕಾಗಲೇ ಅವು ತಳಕ್ಕಿಳಿದು ರೂಪ ಬದಲಿಸುತ್ತವೆ. ಬಾಳು ಶುರುವಾಗುವುದಕ್ಕೂ ಅದೇ ಊಟದ ಗುರುತು ಬೇಕು. ಆ ಬಾಳಾದರೂ ಹೆಚ್ಚೆಂದರೆ ಒಂದು ವರ್ಷ.

ಮಾಂಟೆರೆ ಕೊಲ್ಲಿಯ ಲವರ್ಸ್ ಪಾಯಿಂಟ್–ಜೂಲಿಯಾ ಪ್ಲಾಟ್ ಸಂರಕ್ಷಿತ ಕಡಲಿನಲ್ಲಿ ಯಾವ ಜೀವಿಯನ್ನೂ ಎತ್ತುವಂತಿಲ್ಲ, ನೋಡಲು ಅಡ್ಡಿಯಿಲ್ಲ. ಸಾಕಲೇಬೇಕೆಂಬ ಹಂಬಲ ಇರುವವರು ಮೊದಲು ತಣ್ಣೀರಿನ ತೊಟ್ಟಿಯಲ್ಲಿ ಹೈಡ್ರಾಯ್ಡ್ ಬೆಳೆಸಿ. ಅದು ಆರು ತಿಂಗಳು ಸೊಂಪಾಗಿ ಉಳಿದರೆ ಆಮೇಲೆ ಹುಳುವಿನ ಮಾತು ಎತ್ತಿ.