ಮೊಲಕ್ಕೆ ಹಸುವಿನ ಔಷಧ ಬೇಡ

ಸಂಘದ ಅಕ್ಕತಂಗಿಯರೇ,

ಕೊಟ್ಟಿಗೆ ಪಕ್ಕದಲ್ಲಿ ನಾಲ್ಕು ಮೊಲ ಸಾಕಬಹುದೇ ಎಂದು ದೊಡ್ಡೇರಿ ಹೋಬಳಿಯ ಕೆಲವರು ಕೇಳುತ್ತಿದ್ದೀರಿ. ಸಾಕಬಹುದು. ಆದರೆ ಹಸು ಸಾಕಿದ ಅಭ್ಯಾಸದಲ್ಲೇ ಸಾಕಿದರೆ ಮೊಲ ಉಳಿಯುವುದಿಲ್ಲ.

ಮೊದಲು ಒಂದು ಮಾತು. ನಿಮ್ಮ ಕಡಲೆಕಾಯಿ ಹೊಲದಲ್ಲಿ ನೆಗೆಯುವ ಕಾಡುಮೊಲ ಬೇರೆ ಜಾತಿ. ಅದರ ಮರಿ ಹುಟ್ಟುವಾಗಲೇ ಮೈತುಂಬ ಕೂದಲಿರುತ್ತದೆ, ಕಣ್ಣು ಬಿಟ್ಟಿರುತ್ತದೆ. ಅದನ್ನು ಹಿಡಿದು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅಪರಾಧ. ಸಾಕಲು ನ್ಯೂಜಿಲೆಂಡ್ ವೈಟ್, ಸೋವಿಯತ್ ಚಿಂಚಿಲ್ಲಾದಂಥ ತಳಿಗಳಿವೆ.

ಮೊಲವೂ ಹುಲ್ಲು ತಿನ್ನುತ್ತದೆ, ಆದರೆ ಮೆಲುಕು ಹಾಕುವುದಿಲ್ಲ. ಅದರ ಮೇವು ಹುದುಗುವುದು ದೊಡ್ಡ ಕರುಳಿನ ಆರಂಭದಲ್ಲಿರುವ ಚೀಲದಲ್ಲಿ. ಅಲ್ಲಿಂದ ಬರುವ ಮೆತ್ತನೆಯ ಹಿಕ್ಕೆಯನ್ನು ರಾತ್ರಿ ಅಥವಾ ಬೆಳಗಿನ ಜಾವ ತಾನೇ ಬಾಯಿ ಹಾಕಿ ನುಂಗುತ್ತದೆ. ಇದು ರೋಗವಲ್ಲ, ಅದರ ಪಾಲಿನ ಮೆಲುಕು ಎನ್ನಿ. ಆ ಚೀಲದಲ್ಲಿರುವ ಸೂಕ್ಷ್ಮಜೀವಿಗಳು ಸತ್ತರೆ ಮೊಲವೂ ಸಾಯುತ್ತದೆ. ಅದಕ್ಕೇ ಹಸುವಿಗೆ ತಂದು ಮಿಕ್ಕ ಔಷಧವನ್ನು ಮೊಲಕ್ಕೆ ಹಾಕಬೇಡಿ. ಆಂಪಿಸಿಲಿನ್, ಅಮಾಕ್ಸಿಸಿಲಿನ್, ಲಿಂಕೋಮೈಸಿನ್ ಬಾಯಿಗೆ ಹಾಕಿದರೆ ಭೇದಿ ಹತ್ತಿ ಮೊಲ ಸಾಯಬಹುದು. ನಾಯಿಯ ಉಣ್ಣೆಗೆ ಹೊಡೆಯುವ ಫಿಪ್ರೊನಿಲ್ ಸ್ಪ್ರೇ ಕೂಡ ಮೊಲಕ್ಕೆ ವಿಷ. ಕಿವಿಯೊಳಗೆ ಹಕ್ಕಳೆ ಕಟ್ಟಿದರೆ ಅದು ಕಜ್ಜಿ ಹುಳು. ಆಸ್ಪತ್ರೆಗೆ ತನ್ನಿ, ಇಂಜೆಕ್ಷನ್‌ನಿಂದ ವಾಸಿಯಾಗುತ್ತದೆ.

ಪಶು ಆಹಾರವೂ ಬೇಡ, ಅದನ್ನು ಹೊಂದಿಸಿರುವುದು ಮೆಲುಕು ಹಾಕುವ ಹೊಟ್ಟೆಗೆ. ಒಣಹುಲ್ಲು ಸದಾ ಮುಂದಿರಲಿ. ಹಲ್ಲು ಜೀವನಪೂರ್ತಿ ಬೆಳೆಯುತ್ತಲೇ ಇರುವುದರಿಂದ ಸವೆಯಲು ನಾರು ಬೇಕು. ಕುದುರೆ ಮಸಾಲೆ, ಅಲಸಂದೆ ಸೊಪ್ಪನ್ನು ಸ್ವಲ್ಪ ಬಾಡಿಸಿ ಕೊಡಿ. ಬೂಷ್ಟು ಹಿಡಿದ ಕಡಲೆಕಾಯಿ ಬಳ್ಳಿ, ಹಿಂಡಿ ಹತ್ತಿರವೂ ಬರಬಾರದು.

ನಮ್ಮ ಸೀಮೆಯಲ್ಲಿ ಮೊಲಕ್ಕೆ ದೊಡ್ಡ ಶತ್ರು ಬೇಸಿಗೆ. ಅದು ಬೆವರುವುದಿಲ್ಲ, ಮೈಯ ಬಿಸಿಯನ್ನು ಹೆಚ್ಚಾಗಿ ಕಿವಿಯಿಂದಲೇ ಹೊರಹಾಕುತ್ತದೆ. 30 ಡಿಗ್ರಿ ದಾಟಿದರೆ ಏದುಸಿರು ಶುರು. ತಗಡಿನ ಮಾಡಿನ ಕೆಳಗೆ ಗೂಡು ಇಡಬೇಡಿ, ಹೊಂಗೆ ಮರದ ನೆರಳು ವಾಸಿ. ಮಧ್ಯಾಹ್ನ ಗೂಡಿನ ಸುತ್ತ ಒದ್ದೆ ಗೋಣಿಚೀಲ ಇಳಿಬಿಡಿ, ಗಾಳಿಗೆ ಮಾತ್ರ ಅಡ್ಡ ಬರಬಾರದು. ಬಿಸಿಲಿಗೆ ಬಳಲಿದ ಗಂಡಿನಿಂದ ಕೆಲವು ವಾರ ಗರ್ಭ ನಿಲ್ಲದೇ ಇರಬಹುದು. ಹೆಣ್ಣನ್ನು ಬಂಜೆ ಎಂದು ಮಾರಿಬಿಡಬೇಡಿ. (ಈ ಮಾತು ಮೊಲಕ್ಕಷ್ಟೇ ಅಲ್ಲ ಎಂದು ನಿಮಗೆ ಗೊತ್ತು.)

ಹಸುವಿನ ಹಾಗೆ 21 ದಿನಕ್ಕೊಮ್ಮೆ ಬೆದೆ ಕಾಯುವ ಕೆಲಸ ಇಲ್ಲಿಲ್ಲ. ಗಂಡಿನ ಜೊತೆ ಸೇರಿದ ಮೇಲೇ ಅಂಡ ಬಿಡುಗಡೆಯಾಗುತ್ತದೆ. ಹೆಣ್ಣನ್ನೇ ಗಂಡಿನ ಗೂಡಿಗೆ ಒಯ್ಯಿರಿ; ಗಂಡನ್ನು ಅವಳ ಗೂಡಿಗೆ ಬಿಟ್ಟರೆ ಕಚ್ಚಿ ಓಡಿಸುತ್ತಾಳೆ. ಎತ್ತುವಾಗ ಕಿವಿ ಹಿಡಿಯಬೇಡಿ, ಹಿಂಭಾಗಕ್ಕೆ ಕೈಯ ಆಸರೆ ಕೊಡಿ. ಒದ್ದಾಡಿದರೆ ಬೆನ್ನುಮೂಳೆ ಮುರಿಯುತ್ತದೆ.

ಗರ್ಭ ಸುಮಾರು 31 ದಿನ. 28ನೇ ದಿನಕ್ಕೆ ಹುಲ್ಲು ಹಾಸಿದ ಪೆಟ್ಟಿಗೆ ಇಡಿ, ಉಳಿದ ಹಾಸಿಗೆಯನ್ನು ತಾಯಿ ತನ್ನ ಕೂದಲು ಕಿತ್ತು ಮಾಡಿಕೊಳ್ಳುತ್ತದೆ. ಮರಿಗಳು ಕೂದಲಿಲ್ಲದೆ, ಕಣ್ಣು ಮುಚ್ಚಿಕೊಂಡು ಹುಟ್ಟುತ್ತವೆ. ಕಣ್ಣು ಬಿಡಲು ಸುಮಾರು 10 ದಿನ ಬೇಕು. ತಾಯಿ ಹಾಲೂಡಿಸುವುದೇ ಇಲ್ಲ ಎಂದು ಗಾಬರಿಯಾಗಬೇಡಿ. ದಿನಕ್ಕೆ ಒಂದೇ ಸಲ, ಮೂರು-ನಾಲ್ಕು ನಿಮಿಷ ಅಷ್ಟೇ. ಆ ಹಾಲು ಎಷ್ಟು ಗಟ್ಟಿ ಎಂದರೆ ಫ್ಯಾಟ್ 12ರ ಆಸುಪಾಸು! ಬೆಳಿಗ್ಗೆ ಮರಿಗಳ ಹೊಟ್ಟೆ ದುಂಡಗಿದ್ದರೆ ಸಾಕು, ಹಸುವಿನ ಹಾಲು ಹಾಕಲು ಹೋಗಬೇಡಿ.

ಇನ್ನು ದುಡ್ಡಿನ ಮಾತು. ಮೊಲಕ್ಕೆ ಹಾಲಿನಂತೆ ಬಟವಾಡೆ ಇಲ್ಲ. ಮರಿ ಕೊಟ್ಟು, ಬೆಳೆದ ಮೇಲೆ ನಾವೇ ಕೊಳ್ಳುತ್ತೇವೆ ಎನ್ನುವವರಿದ್ದರೆ ಬರವಣಿಗೆಯಲ್ಲಿ ಕೇಳಿ, ಅವರಿಗೆ ಈಗಾಗಲೇ ಮಾರಿದ ಇಬ್ಬರನ್ನಾದರೂ ಕಂಡು ವಿಚಾರಿಸಿ. ಒಂದು ಗಂಡು, ಎರಡು ಹೆಣ್ಣು ತಂದು ಒಂದು ಬೇಸಿಗೆ ದಾಟಿಸಿ ನೋಡಿ. ಅದಕ್ಕೂ ಮುಂಚೆ ಗೂಡಿಗೆಂದು ಸಾಲ ಎತ್ತಬೇಡಿ.